ವಾಯಿದೆ ಇಲ್ಲದ ತೀರ್ಪು

ಮೇಲೂರಿನ ವೆಂಕಟರವಣಪ್ಪ ಇಪ್ಪತ್ತು ವರ್ಷಕ್ಕೂ ಮೇಲೆ ಕೋರ್ಟಿಗೆ ಅಲೆದ ಆಸಾಮಿ. ವಕೀಲನಾಗಿ ಅಲ್ಲ, ಕಕ್ಷಿದಾರನಾಗಿ. ಮೊದಲು ಶಿಡ್ಲಘಟ್ಟ, ಆಮೇಲೆ ಚಿಂತಾಮಣಿ, ಕೊನೆಗೆ ಚಿಕ್ಕಬಳ್ಳಾಪುರ. ಕೆರೆಯ ತೂಬಿನಿಂದ ತನ್ನ ಹೊಲಕ್ಕೆ ಬರುವ ಕಾಲುವೆಯನ್ನು ಮೇಲಿನ ಹೊಲದವನು ಮುಚ್ಚಿಬಿಟ್ಟ ಎನ್ನುವುದು ವ್ಯಾಜ್ಯ. ಅಷ್ಟು ವರ್ಷ ಕೋರ್ಟಿನ ಬೇವಿನ ಮರದಡಿ ಕಾದು ಕೂತ ಮನುಷ್ಯನಿಗೆ ಏನಾದರೂ ಅಂಟಿಕೊಳ್ಳಲೇಬೇಕಲ್ಲ? ಅಂಟಿಕೊಂಡಿದ್ದು ವಾಯಿದೆ ಹಾಕಿ ಮುಂದೂಡುವ ಚಾಳಿ. ಮನೆಯಲ್ಲಿ ಯಾರು ಏನೇ ಕೇಳಲಿ, ತೆಲುಗು ಬೆರೆತ ಉತ್ತರ ಒಂದೇ: "ಚೂದ್ದಾಂ. ಮುಂದಿನ ವಾಯಿದೆಗೆ ನೋಡಣ."

ಬಚ್ಚಲುಮನೆಯ ಶೀಟು ಸೋರಿ ಸೋರಿ ಹೆಂಡತಿ ಮುನಿಗಂಗಮ್ಮ ಕೊಡೆ ಹಿಡಿದು ಸ್ನಾನ ಮಾಡುವ ಕಾಲ ಬಂದಿತ್ತು. ಗಾರೆ ಕೆಲಸದ ಮುನಿಶಾಮಿ ಬಂದು ನೋಡಿಕೊಂಡು ಹೋಗಿ ಎರಡು ಮಳೆಗಾಲ ಕಳೆದಿದ್ದವು. ಅದಕ್ಕೂ ವಾಯಿದೆ. ಕಿರಿಮಗ ರಮೇಶ್‌ಬಾಬುವಿನ ಮದುವೆ ಮಾತುಕತೆಗೇ ಮೂರು ಸಲ ವಾಯಿದೆ ಬಿದ್ದಿತ್ತಂತೆ. ಹೆಣ್ಣಿನ ಕಡೆಯವರು ತಾಳ್ಮೆಯವರು, ಹುಡುಗ ಬಚಾವಾದ.

ಇಂಥ ಮನೆಯಲ್ಲಿ ಹುಟ್ಟಿ ಮೊಮ್ಮಗಳು ಭಾನುಪ್ರಿಯಾ ಲಾಯರಾದಳು. ಬೆಂಗಳೂರಿನಲ್ಲಿ ಲಾ ಮುಗಿಸಿ, ಚಿಂತಾಮಣಿ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಕೈಕೆಳಗೆ ಕರಿಕೋಟು ತೊಟ್ಟು ಓಡಾಡಿದಳು. ಈಗ ಒಂದು ವರ್ಷದ ಎಲ್‌ಎಲ್‌ಎಂ ಓದಿಗೆ ಎರಡು ದೇಶಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಆಸ್ಟ್ರೇಲಿಯಾ, ಇನ್ನೊಂದು ಸ್ಕಾಟ್ಲೆಂಡ್. ಅವಳ ಜೀವವೆಲ್ಲ ಸ್ಕಾಟ್ಲೆಂಡಿನ ಮೇಲೆ. ಅಲ್ಲಿ ಅವಳು ಬಯಸಿದ ನೀರಿನ ಕಾನೂನನ್ನೇ ಹೇಳಿಕೊಡುತ್ತಿದ್ದರು, ಫೀಸನ್ನೂ ಮನ್ನಾ ಮಾಡಿದ್ದರು. ಆದರೆ ಇವತ್ತು ಸಂಜೆಯೊಳಗೆ ಒಪ್ಪಿಗೆ ಕಳಿಸದಿದ್ದರೆ ಆ ಸೀಟು ಬೇರೆಯವರ ಪಾಲು.

ತಾತನಿಗೆ ತಿಳಿಸಿ ವಾರಗಳಾಗಿದ್ದವು. ಅಷ್ಟು ವಾರವೂ ಚೂದ್ದಾಂ. ಅಪ್ಪ ನಾಗರಾಜ್ "ನಿಮ್ಮ ತಾತ ಹೂಂ ಅಂದ್ರೆ ನಂದೂ ಹೂಂ" ಎಂದು ಹೇಳಿ, ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಟುಬಿಟ್ಟಿದ್ದ. ಜಾರಿಕೊಳ್ಳುವುದರಲ್ಲೂ ಅವನದು ಪಳಗಿದ ಕೈ.

ತಾತನ ಹೂಂ ಇಲ್ಲದೆ ಹೋಗಬಾರದಿತ್ತೇ? ಹೋಗಬಹುದಿತ್ತು. ಆದರೆ ಚಿಕ್ಕವಳಿದ್ದಾಗ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕೋರ್ಟಿಗೆ ಕರೆದೊಯ್ದು, "ನೀನೂ ಹಿಂಗೇ ಕರಿಕೋಟು ಹಾಕ್ಕೋಬೇಕು ಕಣಮ್ಮ" ಎಂದವನು ಆ ತಾತನೇ. ಅವನು ಹರಸಿ ಕಳಿಸದೆ ಹೋದರೆ ಓದಿದ್ದು ತಲೆಗೆ ಹತ್ತುವುದಿಲ್ಲ ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿತ್ತು.

ಮಧ್ಯಾಹ್ನದ ಊಟವಾಗಿ ತಾತ ಜಗುಲಿಗೆ ಬಂದು ಕೂತ. ಭಾನು ಎದುರಿಗೆ ನಿಂತಳು. ಅಷ್ಟರಲ್ಲಿ ಚಿಕ್ಕಪ್ಪ ರಮೇಶ್‌ಬಾಬು ಬಾಯಿ ಹಾಕಿದ.

"ಅಪ್ಪ, ಆಸ್ಟ್ರೇಲಿಯಾದಲ್ಲಿ ನಮ್ಮ ಭಾಮೈದ ಸುನೀಲ ಇದಾನೆ. ಮನೆ ಊಟ, ಮುದ್ದೆ ಸಮೇತ. ಆ ಸ್ಕಾಟ್ಲೆಂಡಲ್ಲಿ ಯಾರಿದಾರೆ? ಅದೇನು ದೇಶಾನಾ? ಇಂಗ್ಲೆಂಡಿಗೆ ಸೇರಿದ ಒಂದು ಹೋಬಳಿ."

"ಹೋಬಳಿ ಅಲ್ಲ ಚಿಕ್ಕಪ್ಪ. ಅವರ ಕೋರ್ಟು ಬೇರೆ, ಕಾನೂನೂ ಬೇರೆ."

ಕೋರ್ಟು ಎಂದದ್ದೇ ತಡ, ತಾತನ ಕಿವಿ ನೆಟ್ಟಗಾಯಿತು. "ಕೋರ್ಟು ಬೇರೆ ಇದ್ರೆ ದೇಶ ಬೇರೇನೇ ಕಣೋ."

"ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಕೋರ್ಟು ಬೇರೆ ಬೇರೆ. ಅವೂ ಎರಡು ದೇಶಾನಾ?"

"ಎರಡು ಕಡೇನೂ ಕಾನೂನು ಒಂದೇ ತಾನೆ? ತಿಳೀದೇ ಇದ್ರೆ ಸುಮ್ನಿರಬೇಕು."

ಗೆದ್ದೆ ಅಂದುಕೊಂಡಳು ಭಾನು. ಎಲ್ಲಿಯ ಗೆಲುವು! ತಾತ ಎಲೆಗೆ ಸುಣ್ಣ ಸವರಿ, ಮಡಿಚಿ, ಬಾಯಿಗೆ ಹಾಕಿಕೊಂಡು, ಕಣ್ಣು ಅರೆಮುಚ್ಚಿದ.

"ಎರಡು ಕಡೆ ವಾದಾನೂ ಕೇಳ್ದೆ. ಚೂದ್ದಾಂ. ಅಮಾಸೆ ಕಳೀಲಿ, ಮುಂದಿನ ವಾಯಿದೆಗೆ ಹೇಳ್ತೀನಿ."

ಭಾನುವಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ಗೆದ್ದಿತು. "ತಾತ, ಒಂದು ಮಾತು ಕೇಳ್ತೀನಿ. ಹೌದು, ಇಲ್ಲ, ಅಷ್ಟೇ ಹೇಳ್ಬೇಕು."

"ಕೇಳಮ್ಮ. ಸಾಕ್ಷಿ ಹೇಳೋದೇನು ನನಗೆ ಹೊಸದಾ?"

"ಕಾಲುವೆ ಕೇಸು ಗೆದ್ದಿದ್ದು ನೀನೇ ತಾನೆ?"

"ಹೌದು." ತಾತ ಮೀಸೆ ತೀಡಿಕೊಂಡ. "ಖರ್ಚು ಸಮೇತ."

"ತೀರ್ಪು ಬಂದ್ಮೇಲೆ ಆ ಕಾಲುವೇಲಿ ನೀರು ಬಂತಾ?"

ಆ ಮನೆಯಲ್ಲಿ ಯಾರೂ ಕೇಳಬಾರದ ಪ್ರಶ್ನೆ ಅದು. ಕೇಸು ಗೆದ್ದ ಕಥೆಯನ್ನು ತಾತ ಬಂದ ನೆಂಟರಿಗೆಲ್ಲ ಹೇಳುತ್ತಿದ್ದ. ನೆಂಟರು ತಲೆದೂಗಿ ಹೋಗುತ್ತಿದ್ದರು. ಹೊಲದ ಹಿಪ್ಪುನೇರಳೆ ಮಾತ್ರ ಬೋರ್‌ವೆಲ್ ನೀರನ್ನೇ ಕುಡಿಯುತ್ತಿತ್ತು.

"ಏಯ್, ಸಾಕು ಬಿಡೇ," ಎಂದ ರಮೇಶ್‌ಬಾಬು.

ತಾತ ಕೈಯೆತ್ತಿ ಅವನನ್ನು ತಡೆದ. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದ. "ಇಲ್ಲ," ಎಂದ. ತಾನೇ ಮುಂದುವರಿಸಿದ. "ತಡ ಆಗೋಯ್ತಮ್ಮ. ವಾಯಿದೆ ಮೇಲೆ ವಾಯಿದೆ. ತೀರ್ಪು ಬರೋ ಹೊತ್ತಿಗೆ ಕಾಲುವೆ ಮೇಲೆ ಮನೆಗಳೇ ಎದ್ದಿದ್ವು."

"ನೀನು ಆ ಮೇಲಿನ ಹೊಲದವನ ಕೈಲಿ ಸೋಲ್ಲಿಲ್ಲ ತಾತ. ವಾಯಿದೆ ಕೈಲಿ ಸೋತೆ." ಭಾನು ಮಾತು ನಿಲ್ಲಿಸಲಿಲ್ಲ. "ನಮ್ಮ ಕಾಲುವೆ ಥರ ಇನ್ನೊಂದು ಕಾಲುವೆ ಹೋಗಬಾರ್ದು ಅಂತಾನೇ ನಾನು ಆ ಓದು ಓದ್ತೀನಿ ಅಂದಿದ್ದು. ಸಂಜೆ ಆದ್ಮೇಲೆ ನೀನು ಹೂಂ ಅಂದ್ರೆ ಅದೂ ಆ ತೀರ್ಪಿನ ಥರಾನೇ. ಗೆದ್ದಿರ್ತೀನಿ, ನೀರು ಬಂದಿರಲ್ಲ."

ತಾತನ ಮುಖ ಕಪ್ಪಿಟ್ಟಿತು. ಅವನಿಗೆ ನೋವಾಗಿತ್ತು, ಅದನ್ನು ಕಂಡು ಅವಳಿಗೂ ನೋವಾಯಿತು. ಆದರೂ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುದುಕ ಕಂಬ ಹಿಡಿದು ನಿಧಾನಕ್ಕೆ ಎದ್ದು ನಿಂತ. ಹೆಗಲ ಟವೆಲ್ಲನ್ನು ತೆಗೆದು ಕೊಡವಿ ಮತ್ತೆ ಹಾಕಿಕೊಂಡ.

"ನಮ್ಮ ವಕೀಲ ಒಂದೇ ಒಂದಿನ ಹಿಂಗೆ ಕೇಳಿದ್ದಿದ್ರೆ," ಎಂದವನು ಆ ಮಾತನ್ನು ಅಲ್ಲಿಗೇ ಬಿಟ್ಟ. ಆಮೇಲೆ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟ. "ಸ್ಕಾಟ್ಲೆಂಡ್. ಪೋಯಿ ರಾಮ್ಮಾ. ಹೋಗಿ ಬಾ. ಇದರ ಮೇಲೆ ಅಪೀಲಿಲ್ಲ."

ಭಾನು ಅಲ್ಲೇ ನಿಂತು ಮೊಬೈಲ್ ತೆಗೆದು ಒಪ್ಪಿಗೆ ಕಳಿಸಿದಳು. ಮರುಕ್ಷಣ ಅತ್ತಲಿಂದ ಅಭಿನಂದನೆ ಬಂತು. ತಾತನನ್ನು ಗಟ್ಟಿಯಾಗಿ ತಬ್ಬಿಕೊಂಡು, ಅಳುತ್ತಲೇ ನಕ್ಕಳು. ಇಂಥ ಸಂತೋಷವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಅಪ್ಪನ ಬಾಯಲ್ಲೇ 'ಇಲ್ಲ' ಅನ್ನಿಸಿದ್ಲಲ್ಲ," ಎಂದ ರಮೇಶ್‌ಬಾಬು. ಸೋತಿದ್ದಕ್ಕೆ ಅವನಿಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ. "ಇನ್ನು ಇವಳಿಗೆ ಸ್ಕಾಟ್ಲೆಂಡೋರು ಯಾವ ಲೆಕ್ಕ?"

ಇಷ್ಟು ಹೊತ್ತೂ ಹೊಸಿಲ ಮೇಲೆ ನಿಂತು ಎಲ್ಲವನ್ನೂ ಕೇಳುತ್ತಿದ್ದ ಮುನಿಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಮೊಮ್ಮಗಳು ನಿಂತಿದ್ದ ಜಾಗದಲ್ಲೇ, ಗಂಡನ ಎದುರಿಗೆ ನಿಂತುಕೊಂಡಳು.

"ಕೋರ್ಟು ಇನ್ನೂ ಎದ್ದಿಲ್ಲ ತಾನೆ? ಹಂಗಾದ್ರೆ ನನ್ನ ಬಚ್ಚಲುಮನೆ ಕೇಸು ಕರೀರಿ."

"ಚೂ..." ಎಂದು ಬಾಯಿ ತೆರೆದ ತಾತ, ಮೊಮ್ಮಗಳ ಮುಖ ನೋಡಿ ಮುಚ್ಚಿಕೊಂಡ.

"ಭಾನು," ಎಂದ. "ಮುನಿಶಾಮಿಗೆ ಫೋನ್ ಮಾಡಮ್ಮ. ಶೀಟು ಇವತ್ತೇ ತರ್ಬೇಕಂತೆ ಅನ್ನು."