ಚೌಡಿ ಪಾಲು

ಗಜ್ಜುಗ ಮೇಲಕ್ಕೆ ಹಾರಿತು, ದಾರ ಬಿಗಿಯಾಯಿತು, ಇನ್ನೇನು ಕೆಳಗೆ ಬರಬೇಕು ಅನ್ನುವಾಗ ಬಸವಪ್ರಸಾದ್ ಮಣಿಕಟ್ಟನ್ನು ಒಂದಿಷ್ಟೇ ತಿರುವಿದ. ಟಕ್. ಹಲಗೆಯ ತುದಿಯ ಪುಟ್ಟ ಗುಳಿಯಲ್ಲಿ ಅದು ಕೂತುಬಿಟ್ಟಿತು.

"ಪೀಬೆರಿ!" ಎಂದು ಕೂಗಿದ. ಘಟ್ಟ ಇಳಿಯುವ ಬಸ್ಸು ಕೊಟ್ಟಿಗೆಹಾರದಲ್ಲಿ ನಿಂತಿತ್ತು. ಕಾಫಿಗೆಂದು ಇಳಿದವರೆಲ್ಲ ಅವನ ಅಂಗಡಿಯ ಮುಂದೆ ನೆರೆದಿದ್ದರು. ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು.

ಆ ಜನರ ಬೆನ್ನ ಹಿಂದೆ, ಕಳಸದ ಬಸ್ಸಿನಿಂದ ಆಗಷ್ಟೇ ಇಳಿದ ಚನ್ನಕೇಶವ ನಿಂತಿದ್ದ. ಕಂಕುಳಲ್ಲಿದ್ದ ಚೀಲದಲ್ಲಿ ಎರಡು ವಸ್ತುಗಳಿದ್ದವು: ಬಸವನಿಗೆ ತೋರಿಸಲೆಂದು ಹೊಸದಾಗಿ ಕೆತ್ತಿದ ಹಲಗೆ, ಬಸವನಿಗೆಂದೇ ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ. ಅಂಗಡಿಯಲ್ಲಿ ಬಾಳೆಗೊನೆಯ ಪಕ್ಕ ಅಂಥವೇ ಹಲಗೆಗಳು ಕೆಂಪು ಹಸಿರು ಬಣ್ಣ ಬಳಿದುಕೊಂಡು ಸಾಲಾಗಿ ತೂಗುತ್ತಿದ್ದವು.

ಹೋದ ಕುಯ್ಲಿನಲ್ಲಿ, ಸಂಸೆಯ ಮನೆಯ ಕಣದಲ್ಲಿ ಒಣಹಾಕಿದ ಕಾಫಿ ಕಾಯುತ್ತಾ, ಸುಮ್ಮನೆ ಕೂರಲಾರದೆ ಚನ್ನಕೇಶವ ಹಲಸಿನ ತುಂಡೊಂದನ್ನು ಕೆತ್ತಿದ್ದ. ಅಂಗೈ ಅಗಲದ ಹಲಗೆ, ಅದಕ್ಕೊಂದು ಹಿಡಿ, ಮೂರು ಗುಳಿ, ದಾರದ ತುದಿಗೆ ಗಜ್ಜುಗ. ಚಿಮ್ಮಿಸಿ ಗುಳಿಯಲ್ಲಿ ಹಿಡಿಯಬೇಕು. ದೊಡ್ಡದು ಹಣ್ಣು, ನಡುವಿನದು ಬೀಜ, ಎಲ್ಲಕ್ಕಿಂತ ಚಿಕ್ಕದು ಪೀಬೆರಿ, ಅಪರೂಪಕ್ಕೆ ಸಿಗುವ ಒಂಟಿ ಬೀಜದ ಹೆಸರು. ಮೆಣಸು ಕೊಳ್ಳಲು ಬಂದಿದ್ದ ಬಸವ ಮೆಣಸು ಮರೆತು ಕೂತ. ಇಬ್ಬರೂ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಆದರೂ ಆಟದಲ್ಲಿ ಏನೋ ಕೊರತೆ. ಗೆಲ್ಲುವವನು ಗೆಲ್ಲುತ್ತಲೇ ಹೋಗುತ್ತಿದ್ದ, ಎದುರಿನವನು ಆಕಳಿಸುತ್ತಿದ್ದ.

ಆಗ ಚನ್ನಕೇಶವನಿಗೆ ಅಮ್ಮನ ನೆನಪಾಯಿತು. ಕುಯ್ಲು ಶುರುವಾಗುವ ದಿನ ತಿಮ್ಮಮ್ಮ ಮೊದಲ ಹಿಡಿ ಕೆಂಪು ಹಣ್ಣನ್ನು ತೋಟ ಕಾಯುವ ದೇವತೆ ಚೌಡಿಯ ಮೂಲೆಗಲ್ಲಿನ ಮುಂದಿಟ್ಟು ಬರುತ್ತಿದ್ದಳು. "ಅವಳ ಪಾಲು ಅವಳಿಗೆ ಬಿಡ್ಬೇಕು ಮಗಾ. ಎಲ್ಲಾ ನಾವೇ ಬಾಚ್ಕಂಡ್ರೆ ದಕ್ಕಲ್ಲ." ಅವನು ಹಲಗೆಯ ನಡುವೆ ತಳವಿಲ್ಲದ ತೂತೊಂದನ್ನು ಕೊರೆದ. ಗಜ್ಜುಗ ಅದರೊಳಗೆ ಇಳಿದರೆ ಚೌಡಿ ಪಾಲು. ಹಲಗೆಯನ್ನು ಎದುರಿನವನಿಗೆ ಕೊಡಬೇಕು. ಆಟಕ್ಕೆ ಜೀವ ಬಂತು. ಒಮ್ಮೆ ಸೋತ ಸಿಟ್ಟಿಗೆ ಚನ್ನಕೇಶವ ಹಲಗೆ ಮುಟ್ಟದೆ ಮುಖ ತಿರುಗಿಸಿದಾಗ ಬಸವ ಒಂದು ನಿಯಮ ಹಾಕಿದ: ಕೊಟ್ಟರೆ ತಗೋಬೇಕು, ಬೇಡ ಅನ್ನುವ ಹಾಗಿಲ್ಲ. ಇಡೀ ಆಟದಲ್ಲಿ ಅವನು ಸೇರಿಸಿದ್ದು ಅದೊಂದೇ. "ಇದು ನಮ್ಮಿಬ್ಬರದು ಮಾರಾಯ, ಮಂಗಳೂರಲ್ಲಿ ಮಾಡಿಸ್ತೀನಿ" ಎಂದು ಹಲಗೆ ಒಯ್ದಿದ್ದ. ಆಮೇಲೆ, ಅಲ್ಲಿ ಆಗಲ್ಲ ಅಂದರು ಎಂದು ಹೇಳಿಕಳಿಸಿದ್ದ.

"ಈ ತೂತು ಏನ್ರೀ, ಡ್ಯಾಮೇಜಾ?" ಪ್ರಯಾಣಿಕನೊಬ್ಬ ಕೇಳಿದ.

"ಅಯ್ಯೋ, ಅದೇ ಸಾರ್ ಆಟದ ಜೀವ!" ಬಸವನ ದನಿ ಮೆತ್ತಗಾಯಿತು. "ಕುಯ್ಲಿನ ದಿನ ನಮ್ಮಮ್ಮ ಮೊದಲನೇ ಹಿಡಿ ಪಾರ್ಚ್‌ಮೆಂಟು ಕುಯ್ದು ಚೌಡಿಗೆ ಇಡ್ತಿದ್ರು. ಅವಳ ಪಾಲು ಅವಳಿಗೆ ಬಿಡ್ಬೇಕು ಮಗಾ, ಅಂತಿದ್ರು. ಅದನ್ನ ನೋಡಿ ನೋಡಿ ನಾನು ಈ ಆಟ ಕಂಡುಹಿಡಿದೆ."

ಪಾರ್ಚ್‌ಮೆಂಟು ಗಿಡದಲ್ಲಿ ಬಿಡುವುದಿಲ್ಲ. ಹಣ್ಣಿನ ಸಿಪ್ಪೆ ಸುಲಿದು, ಬೀಜ ತೊಳೆದು, ಕಣದಲ್ಲಿ ಬಿಸಿಲಿಗೆ ಹರಡಿ ಒಣಗಿಸಿದ ಮೇಲೆ ಅದು ಪಾರ್ಚ್‌ಮೆಂಟು. ಕಾಫಿಯನ್ನು ಕಣದಲ್ಲಿ, ಮೂಟೆಯಲ್ಲಿ ಮಾತ್ರ ಕಂಡವನ ಮಾತು ಇದು. ಜನ ತಲೆದೂಗಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು ಕೂಡ. ಆಟವನ್ನಷ್ಟೇ ಕದ್ದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು, ಅಂದುಕೊಂಡ ಚನ್ನಕೇಶವ. ಇವನು ಅಮ್ಮನನ್ನೂ ಕದ್ದು, ಅವಳ ಕೈಯಲ್ಲಿ ತಪ್ಪು ಕಾಳು ಇಟ್ಟಿದ್ದಾನೆ.

ಬಸ್ಸು ಹಾರನ್ ಹೊಡೆಯಿತು. ಜನ ಚದುರಿದರು. ಖಾಲಿಯಾದ ಜಾಗದಲ್ಲಿ ಅವನೊಬ್ಬನೇ ಉಳಿದ.

"ಓ, ಚನ್ನ! ಯಾವಾಗ ಬಂದ್ಯೋ ಮಾರಾಯ? ಒಂದು ಫೋನಾದ್ರೂ ಮಾಡೋದಲ್ವಾ?"

"ಹಣ್ಣು ಕಣೋ."

"ಏನು?"

"ಚೌಡಿಗೆ ಇಡೋದು ಹಣ್ಣು. ಪಾರ್ಚ್‌ಮೆಂಟಲ್ಲ."

ಬಸವನ ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ ನಕ್ಕ. "ಘಟ್ಟ ಇಳಿಯೋರಿಗೆ ಯಾವ್ದಾದ್ರೇನು ಬಿಡು."

"ನಿಮ್ಮಮ್ಮ ಮುದ್ದಮ್ಮೋರು ಯಾವ ತೋಟದಲ್ಲಿ ಕುಯ್ತಿದ್ರು? ಈ ಗಲ್ಲಾದ ಹಿಂದೇನಾ?"

"ನೋಡು, ಯಾರದೋ ಅಮ್ಮ ಅಂದ್ರೆ ಯಾರು ನಿಂತು ಕೇಳ್ತಾರೆ? ನಮ್ಮಮ್ಮ ಅಂದ್ರೇನೇ ಜನಕ್ಕೆ ತಾಗೋದು. ವ್ಯಾಪಾರದ ಮಾತು ಅದು, ಮನಸ್ಸಿಗೆ ಹಚ್ಕೋಬೇಡ."

"ಮಂಗಳೂರಲ್ಲಿ ಆಗಲ್ಲ ಅಂದ್ರು, ಅಂತ ನೀನೇ ಅಂದಿದ್ದೆ."

"ಆಗ ಆಗಲ್ಲ ಅಂದಿದ್ರು." ಬಸವ ಚೀಲದ ಕಡೆ ನೋಡಿದ. "ಅಮ್ಮ ಏನೋ ಕಳ್ಸಿದಾರೆ. ಮಿಡಿ ವಾಸನೆ ಬರ್ತಿದೆ."

ಚನ್ನಕೇಶವ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದ.

ಬಸವ ಗಲ್ಲಾದ ಕೆಳಗೆ ಕೈಹಾಕಿ ಹಲಸಿನ ಹಳೆಯ ಹಲಗೆಯನ್ನು ತೆಗೆದ. ಹಿಡಿ ಇಬ್ಬರ ಬೆವರಿಗೂ ಕಪ್ಪಾಗಿತ್ತು. ಗಜ್ಜುಗ ಚಿಮ್ಮಿಸಿದ. ಬೇಕೆಂದೇ ಮಾಡಿದನೋ, ಕೈ ತಪ್ಪಿತೋ, ಅದು ನಡುವಿನ ತೂತಿನಲ್ಲಿ ಇಳಿದು ಕೆಳಗೆ ನೇತಾಡಿತು. ಹಲಗೆಯನ್ನು ಮುಂದೆ ಚಾಚಿದ.

"ಚೌಡಿ ಪಾಲು ಬಿತ್ತು. ತಗೋ, ನಿನ್ನ ಸರದಿ."

ಚನ್ನಕೇಶವನ ಕೈ ಏಳಲಿಲ್ಲ.

"ತಗೋಳೋ. ಕೊಟ್ರೆ ಬೇಡ ಅನ್ನೋ ಹಾಗಿಲ್ಲ, ಮರ್ತ್ಯಾ?"

"ಬೇಡ," ಎಂದ ಚನ್ನಕೇಶವ.