ಬ್ಯಾಂಡಿನ ಮುಂದೆ ನಡೆದವನು

"ಇಲ್ಲೇ ನೋಡ್ರಿ, ಈ ಗ್ವಾಡಿಗೆ ಬೆನ್ನ ಹಚ್ಚಿ ಕುಂತು ನಾ ಮೊದಲ್ನೇ ಸಲ ಕ್ಲಾರ್ನೆಟ್ ಹಿಡದದ್ದು," ಎಂದು ಮರಿಲಿಂಗಪ್ಪ ಹಳೆಯ ಸಿಮೆಂಟ್ ಗೋದಾಮಿನ ಗೋಡೆಯನ್ನು ಅಂಗೈಯಿಂದ ಸವರಿದ. ಎದುರಿಗಿದ್ದ ಹತ್ತು ಹನ್ನೆರಡು ಮಂದಿ ಕಣ್ಣರಳಿಸಿ ಆ ಗೋಡೆಯನ್ನು ನೋಡಿದರು. ಕಲಬುರಗಿಯಿಂದ ಬಂದಿದ್ದ ಹುಡುಗಿಯೊಬ್ಬಳು ಅದಕ್ಕೇ ಬೆನ್ನು ಹಚ್ಚಿ ಕೂತು ಫೋಟೊ ತೆಗೆಸಿಕೊಂಡಳು.

ಹಿಡಿದದ್ದೇನೋ ಖರೆ. ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುತ್ತಿದ್ದ ಗೇಟು ಕಾಯುವ ಹಣಮಂತ್ರಾಯ ಬೀಡಿ ಹಚ್ಚಿಕೊಳ್ಳುವಾಗ "ಹಿಡಿಲೇ ಇದನ್ನ" ಎಂದು ಕೈಗೆ ಕೊಟ್ಟಿದ್ದ. ಬೀಡಿ ಹೊತ್ತಿಕೊಂಡಿತು, ಕ್ಲಾರ್ನೆಟ್ ವಾಪಸ್ ಇಸಿದುಕೊಂಡ. ಮರಿಲಿಂಗಪ್ಪನ ಕ್ಲಾರ್ನೆಟ್ ವಿದ್ಯೆ ಶುರುವಾದದ್ದೂ ಮುಗಿದದ್ದೂ ಅಷ್ಟರಲ್ಲೇ.

ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆ ಅಗೆಯುವ ದಿನಗಳಲ್ಲಿ ಹುಟ್ಟಿದ್ದು ಕಾಲುವಿ ಬ್ಯಾಂಡ್. ಮಣ್ಣು ಹೊರುವವರು, ಗೇಟು ಕಾಯುವವರು, ರೋಲರ್ ನಡೆಸುವವರು ಸೇರಿ ಸಂಜೆ ಗೋದಾಮಿನಲ್ಲಿ ಬಾರಿಸಲು ಶುರುಮಾಡಿದ್ದು. ಆಮೇಲೆ ಹೈದರಾಬಾದಿಗೆ ಹೋಗಿ ಕ್ಯಾಸೆಟ್ ಮಾಡಿದರು, ಟಿ.ವಿ.ಯಲ್ಲಿ ಬಂದರು, ಈ ಸೀಮೆಯಲ್ಲಿ ಅವರ ಧುನ್ ಇಲ್ಲದೆ ಮದುವೆ ಮೆರವಣಿಗೆ ಹೊರಡದಂತಾಯಿತು. ಕ್ಯಾಸೆಟ್ ಮೇಲೆ ಇದ್ದದ್ದು ಮಾತ್ರ ಒಂದೇ ಹೆಸರು, ಒಂದೇ ಮಾರಿ: ದಪ್ಪ ಮೀಸೆಯ, ಢೋಲು ಬಾರಿಸುವ ಅಮರಪ್ಪ. ಉಳಿದವರು ಯಾರು ಏನು ಎಂದು ಕೇಳುವವರಿರಲಿಲ್ಲ. ಹಾಗಾಗಿ ಮರಿಲಿಂಗಪ್ಪನಿಗೆ ಜಾಗ ಸಿಕ್ಕಿತು.

ಶಹಾಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಗೌಹರಬೇಗಂ ಈ ನಡಿಗೆಯನ್ನು ಶುರುಮಾಡಿದವಳು. ಬ್ಯಾಂಡು ಹುಟ್ಟಿದ ಜಾಗಗಳನ್ನು ರವಿವಾರ ಸಂಜೆ ಮಂದಿಗೆ ಕಾಲ್ನಡಿಗೆಯಲ್ಲಿ ತೋರಿಸಬೇಕೆಂದು ಅವಳ ಹಟ. ಹಳಬರನ್ನು ಹುಡುಕುತ್ತ ಜಲಾಲುದ್ದೀನನ ಚಹಾ ಹೋಟೆಲಿಗೆ ಬಂದಾಗ ಮೂಲೆಯ ಬೆಂಚಿನಲ್ಲಿ ಇವನು ಸಿಕ್ಕ.

"ಕಾಕಾ, ನೀವು ಕಾಲುವಿ ಬ್ಯಾಂಡಿನ್ಯಾಗ ಇದ್ರಂತ?"

"ಇದ್ದೆರಿ."

"ಏನು ಬಾರಿಸ್ತಿದ್ರಿ?"

ಅವಳ ಮುಖದಲ್ಲಿ ಎಂಥ ಖುಷಿ ಇತ್ತೆಂದರೆ, ತನ್ನನ್ನು ನೋಡಿ ಯಾರಾದರೂ ಹಾಗೆ ಖುಷಿಪಟ್ಟು ಎಷ್ಟು ಕಾಲವಾಗಿತ್ತೋ ಮರಿಲಿಂಗಪ್ಪನಿಗೆ ನೆನಪಾಗಲಿಲ್ಲ. "ಕ್ಲಾರ್ನೆಟ್" ಎಂದುಬಿಟ್ಟ. ಹೆಂಡತಿ ತಿಮ್ಮವ್ವ ಇದ್ದಿದ್ದರೆ ಆ ಮಾತು ಬಾಯಿಂದ ಹೊರಬರುತ್ತಿರಲಿಲ್ಲ. ಅವಳು ತೀರಿಹೋಗಿ ಎರಡು ವರ್ಷವಾಗಿತ್ತು. ಜಲಾಲುದ್ದೀನನಿಗೆ ಎಲ್ಲಾ ಗೊತ್ತಿತ್ತು. ಅವನು ಕಪ್ಪು ತೊಳೆಯುತ್ತ ಸುಮ್ಮನಿದ್ದ. ಗಿರಾಕಿಗಳು ಬರುವುದಾದರೆ ಅವನಿಗೇನು ನಷ್ಟ?

ಮರಿಲಿಂಗಪ್ಪ ಬ್ಯಾಂಡಿನಲ್ಲಿ ಇರಲಿಲ್ಲ ಎನ್ನುವಂತಿಲ್ಲ, ಇದ್ದ ಎನ್ನುವಂತೆಯೂ ಇಲ್ಲ. ಅವನು ಬ್ಯಾಂಡಿನ ಮುಂದೆ ಗ್ಯಾಸ್‌ಬತ್ತಿ ಹೊರುತ್ತಿದ್ದ. ಶಹಾಪುರವಿರಲಿ, ಸುರಪುರವಿರಲಿ, ಕೊಡೇಕಲ್ ಇರಲಿ, ಮೆರವಣಿಗೆ ಹೊರಟರೆ ಮೊದಲು ಇವನು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಸೊಂಯ್ ಎನ್ನುವ ಬತ್ತಿ, ಅವನ ಹಿಂದೆ ಬ್ಯಾಂಡು, ಬ್ಯಾಂಡಿನ ಹಿಂದೆ ಮದುಮಗ. ಬತ್ತಿಯೊಳಗೆ ಬೆಳಗುವ ಬಲೆಯಂಥ ಮ್ಯಾಂಟಲ್ ಒಮ್ಮೆ ಉರಿದ ಮೇಲೆ ಬರೀ ಬೂದಿ. ಹೊತ್ತವನು ತಲೆ ಅಲುಗಿಸಿದರೆ ಉದುರಿ ಬೀಳುತ್ತದೆ, ಮೆರವಣಿಗೆಯೆಲ್ಲ ಕತ್ತಲು, ಆಮೇಲೆ ಬೈಗುಳ. ಹಾಗಾಗಿ ಅವನು ಕತ್ತು ಕಡಿದರೂ ಅಲುಗಿಸದೆ ನಡೆಯುವುದನ್ನು ಕಲಿತ. ಬೆನ್ನ ಹಿಂದೆ ಅಂಥ ಧುನ್ ಬಾರಿಸುತ್ತಿದ್ದರೂ ಒಂದು ದಿನವೂ ತಲೆದೂಗಲಿಲ್ಲ. ರಾತ್ರಿ ತಿಮ್ಮವ್ವ ಕುಸುಬಿ ಎಣ್ಣೆ ಕಾಸಿ ಅವನ ಕತ್ತು ತಿಕ್ಕುವಳು. "ಊದಾವ್ರಿಗಿ ಶಾಲ, ಹೊರಾವನಿಗಿ ಶೂಲ," ಎಂದು ನಗುವಳು. ಆ ಕತ್ತು ಈಗಲೂ ಹಾಗೇ ನೆಟ್ಟಗಿತ್ತು. ನೋಡಿದವರು ಮುದುಕನಿಗೆ ಸೊಕ್ಕು ಎನ್ನುತ್ತಿದ್ದರು.

ಆ ರವಿವಾರ ಗೋದಾಮು ಮುಗಿಸಿ ಎಲ್ಲರೂ ಹೋಟೆಲಿಗೆ ಬಂದರು. ಬ್ಯಾಂಡಿನವರು ಕೂರುತ್ತಿದ್ದ ಕಲ್ಲುಬೆಂಚು ತೋರಿಸಿ, ಒಂದೇ ಕಪ್ಪು ಚಹಾವನ್ನು ತಾನು, ಅಮರಪ್ಪ ಹಂಚಿಕೊಂಡದ್ದನ್ನು ಮರಿಲಿಂಗಪ್ಪ ಹೇಳುತ್ತಿದ್ದ. ಹಂಚಿಕೊಳ್ಳುತ್ತಿದ್ದವನು ಹಣಮಂತ್ರಾಯನೇ, ಇವನು ಹೊರಗೆ ನಿಂತು ಬತ್ತಿಯ ಗಾಜು ಒರೆಸುತ್ತಿರುತ್ತಿದ್ದ. ಅಷ್ಟರಲ್ಲಿ ಹೊರಗೊಂದು ಕಾರು ನಿಂತಿತು. ಕೋಲೂರಿಕೊಂಡು ಒಬ್ಬ ಮುದುಕ ಇಳಿದ. ಕಣ್ಣಿಗೆ ಆಪರೇಷನ್ ಆದವರು ಹಾಕುವ ಕರಿ ಕನ್ನಡಕ, ಕೊರಳಿಗೆ ಮಫ್ಲರ್, ಬೋಳು ಮೇಲ್ದುಟಿ.

"ನಾನೂ ಬರಲೇನ್ರಿ ನಿಮ್ಮ ಸಂಗಟ?" ಎಂದು ಗೌಹರಬೇಗಂಳನ್ನು ಕೇಳಿದ.

"ಬರ್ರಿ ಯಜಮಾನ್ರ, ಕುಂದರ್ರಿ. ಚಾ ಕುಡೀರಿ."

ಮುದುಕ ಕೂತ. ಚಹಾದ ಬಸಿಯ ಅಂಚಿನ ಮೇಲೆ ಅವನ ಎರಡು ಬೆರಳು ತಟ್ಟತೊಡಗಿದವು. ಎರಡು ತಟ್ಟು, ಒಂದು ಬಿಡುವು, ಮತ್ತೆ ಎರಡು. ಮೆರವಣಿಗೆ ಹೊರಡುವ ಮುಂಚೆ ಢೋಲಿನ ಅಂಚಿನ ಮೇಲೆ ಅದೇ ಬೆರಳು ಹಾಗೇ ತಟ್ಟುವುದನ್ನು ಮರಿಲಿಂಗಪ್ಪ ಸಾವಿರ ಸಲ ಕೇಳಿದ್ದ. ಆ ತಟ್ಟು ಕೇಳಿದರೆ ಹೆಜ್ಜೆ ಎತ್ತಬೇಕು, ಅದೇ ಅವನಿಗೆ ಸನ್ನೆ. ಈಗಲೂ ಅವನ ಬಲಗಾಲು ತಾನಾಗಿ ಅಲುಗಿತು.

ಅಮರಪ್ಪ. ಆ ದಪ್ಪ ಮೀಸೆ ಬೋಳಿಸಿದ್ದರಿಂದ ಉಳಿದವರಿಗೆ ಗುರುತು ಸಿಗಲಿಲ್ಲ. ಒಳಗಿದ್ದ ಜಲಾಲುದ್ದೀನನಿಗೂ ಸಿಗಲಿಲ್ಲ.

ಮರಿಲಿಂಗಪ್ಪ ಕಲ್ಲುಬೆಂಚಿನ ಕಡೆಗೆ ಮುಖ ತಿರುಗಿಸಿದ. ಈಗ ಈ ಮನುಷ್ಯ ಬಾಯಿಬಿಟ್ಟರೆ ತನ್ನ ಕಥೆ ಮುಗಿಯಿತು. ಬೇಗಂ ಟೀಚರಿನ ಮುಖ ಹೇಗಾಗುತ್ತದೋ. ನಾಳೆಯಿಂದ ಮತ್ತೆ ಮೂಲೆಯ ಬೆಂಚು, ಬಾಡಿಗೆ ಖೋಲಿ, ಯಾರೂ ಮಾತಾಡಿಸದ ಸಂಜೆಗಳು. ಆದರೆ ಹೆದರಿಕೆಯ ಅಡಿಯಲ್ಲಿ ಇನ್ನೊಂದು ಆಸೆ ಇತ್ತು. ಬೈದರೂ ಸರಿಯೇ, ಎಲ್ಲರ ಮುಂದೆ ಮಾನ ಕಳೆದರೂ ಸರಿಯೇ, "ಲೇ ಮರ್ಯಾ, ನೀನೇನಲೇ?" ಎಂದು ಒಮ್ಮೆ ಅಂದುಬಿಡಲಿ. ಇವನೂ ಇದ್ದ ಎಂದು ಹೇಳಬಲ್ಲವನು ಬ್ಯಾಂಡಿನವರಲ್ಲಿ ಅವನೊಬ್ಬನೇ ಉಳಿದಿದ್ದ.

ಅಮರಪ್ಪ ಬಸಿಗೆ ಚಹಾ ಸುರಿದುಕೊಂಡು ಕುಡಿದ. ಕನ್ನಡಕದ ಹಿಂದಿನಿಂದ ಇವನ ದನಿಯ ಕಡೆಗೆ ಮುಖಮಾಡಿ ಕೇಳುತ್ತ ಕೂತಿದ್ದ.

ಕೊನೆಯ ಜಾಗ ಕಾಲುವೆಯ ಗೇಟು. ಸೇತುವೆಯ ತನಕ ವಾಹನ ಹೋಗುತ್ತದೆ, ಅಲ್ಲಿಂದ ದಂಡೆಯ ಮೇಲೆ ಜಾಲಿಯ ನಡುವೆ ನಡೆಯಬೇಕು. ಕಾಲುವೆ ತುಂಬಿ ಹರಿಯುತ್ತಿತ್ತು. ಬಿಸಿಲು ಇಳಿದಿತ್ತು. ಗೇಟಿನ ಕಬ್ಬಿಣದ ಚಕ್ರಕ್ಕೆ ಕೈ ಇಟ್ಟುಕೊಂಡು ಮರಿಲಿಂಗಪ್ಪ ಪ್ರತಿ ವಾರ ಹೇಳುವ ಕಥೆಯನ್ನು ಹೇಳಲೇಬೇಕಾಯಿತು. ಮಂದಿ ಕಾಯುತ್ತಿದ್ದರು.

"ಹೈದ್ರಾಬಾದಿಗಿ ಹೋಗೋ ದಿನ ಜೀಪ ಬಂದು ನಿಂತಿತ್ರಿ. ಅವತ್ತೇ ಕೆಳಗಿನ ಊರಿಗಿ ನೀರಿನ ಪಾಳಿ. ಗೇಟ ಕಾಯಾಂವ ನಾ. ಬಿಟ್ಟ ಹೋದ್ರ ರೈತರ ಗತಿ ಏನು? ಅಮರಪ್ಪ 'ಬಾರೋ ಬಾರೋ' ಅಂತ ಕೈ ಹಿಡದು ಜಗ್ಗಿದ. ನಾನೇ ಅಂದೆ, ನೀವ ಹೋಗ್ರೆಪಾ, ಹೆಸರ ಮಾಡ್ರಿ, ನಾ ಇಲ್ಲೇ ಇರ್ತೀನಂತ. ಅವ ಅಳಕೋತ ಜೀಪ ಹತ್ತಿದ."

ಕಲಬುರಗಿಯ ಹುಡುಗಿ ಕಣ್ಣೊರೆಸಿಕೊಂಡಳು. "ಕಾಕಾ, ಈಗೂ ಊದತೀರೇನ್ರಿ?"

"ಊದಾಕ ಹಲ್ಲ ಬೇಕಲ್ಲವ್ವ," ಎಂದ. ಎಲ್ಲರೂ ನಕ್ಕರು. ಅಮರಪ್ಪ ನಗಲಿಲ್ಲ.

ನಡೆದದ್ದು ಬೇರೆ. ಅವತ್ತು ಹಣಮಂತ್ರಾಯ ಗೇಟಿಗೆ ಬದಲಿ ಆಳನ್ನು ನಿಲ್ಲಿಸಿ, ಕ್ಲಾರ್ನೆಟ್ ಕಂಕುಳಲ್ಲಿ ಇಟ್ಟುಕೊಂಡು ಓಡೋಡಿ ಬಂದಿದ್ದ. ಜೀಪು ಹೋಗಿಬಿಟ್ಟಿತ್ತು. ಬರುತ್ತೇನೆಂದು ಹೇಳಿಕಳಿಸಿದ್ದವನನ್ನು ಯಾರೂ ಕಾಯಲಿಲ್ಲ. ಕ್ಯಾಸೆಟ್ಟಿನಲ್ಲಿ ಕ್ಲಾರ್ನೆಟ್ ಊದಿದವನು ಹೈದರಾಬಾದಿನ ಯಾವನೋ. ಹಣಮಂತ್ರಾಯ ತನ್ನದನ್ನು ಗೂಟಕ್ಕೆ ನೇತುಹಾಕಿದವನು ಮತ್ತೆ ಇಳಿಸಲಿಲ್ಲ. ಕೆಲವೇ ವರ್ಷಕ್ಕೆ ತನ್ನೂರು ಬೋನಾಳದಲ್ಲಿ ಕಾಮಾಲೆಯಾಗಿ ತೀರಿಕೊಂಡ. ಗ್ಯಾಸ್‌ಬತ್ತಿಯನ್ನಂತೂ ಜೀಪಿಗೆ ಕರೆದವರೇ ಇರಲಿಲ್ಲ. ಹೈದರಾಬಾದಿನಲ್ಲಿ ಕರೆಂಟು ಇತ್ತು.

ಗೌಹರಬೇಗಂ ಮಂದಿಯನ್ನು ಸೇತುವೆಯ ಕಡೆಗೆ ಹೊರಡಿಸಿದಳು. ಹೋಗುವಾಗ ಕೈಯಲ್ಲಿದ್ದ ಚಾರ್ಜಿಂಗ್ ಲೈಟನ್ನು ಮರಿಲಿಂಗಪ್ಪನಿಗೆ ಕೊಟ್ಟಳು. "ಕಾಕಾ, ಕತ್ತಲಾತು. ಈ ಹಿರೇರನ್ನ ಕರಕೊಂಡು ಸಾವಕಾಶ ಬರ್ರಿ. ಮುಳ್ಳವ ದಾರ್ಯಾಗ."

ಇಬ್ಬರೇ ಉಳಿದರು. ನೀರು ಗೇಟಿಗೆ ಬಡಿದು ಸದ್ದು ಮಾಡುತ್ತಿತ್ತು.

"ಹಣಮ್ಯಾ," ಎಂದ ಅಮರಪ್ಪ.

ಮರಿಲಿಂಗಪ್ಪ ಬೇರೆ ಯಾರಾದರೂ ಇದ್ದಾರೋ ಎಂದು ಹಿಂದೆ ತಿರುಗಿ ನೋಡಿದ.

"ನನಗ ಕಣ್ಣ ಸರಿಗಿ ಕಾಣಂಗಿಲ್ಲ. ದನಿನೂ ಗುರ್ತ ಹತ್ತಲಿಲ್ಲ. ಖರೆ ನಿನ್ನ ಬಿಟ್ಟ ಆ ಜೀಪಿನ ಮಾತ ಹೇಳಾಂವ ಯಾವನಿದ್ದಾನ?" ಅವನು ಕೋಲಿನ ಮೇಲೆ ಎರಡೂ ಕೈ ಇಟ್ಟು ಬಾಗಿದ. "ನಾನೇ ಅಂದಿದ್ದೆ ಡ್ರೈವರಗ, ನಡಿ, ಅಂವ ಬಂದ್ರ ಬರ್ತಾನ ಬಿಟ್ರ ಬಿಡ್ತಾನ ಅಂತ. ಕ್ಲಾರ್ನೆಟ್ ಕೇಳಿದ್ರ ಮಂದಿ ನನ್ನ ಢೋಲ ಕೇಳತಿರಲಿಲ್ಲ, ಅದಕ್ಕ. ನಿನಗದು ಗೊತ್ತದ. ಗೊತ್ತಿದ್ದೂ ಅಷ್ಟು ಮಂದಿ ಮುಂದ ನನ್ನ ಮಾನ ಕಾದಿ."

ಮರಿಲಿಂಗಪ್ಪ ಚಾರ್ಜಿಂಗ್ ಲೈಟನ್ನು ಕೈಯಿಂದ ಕೈಗೆ ಬದಲಿಸಿದ. ಹಣಮಂತ್ರಾಯ ಸತ್ತು ಎಷ್ಟೋ ವರ್ಷವಾಯಿತು, ನಾನು ಮರಿಲಿಂಗ, ಎಂದು ಹೇಳಬೇಕು. ಹೇಳಿದರೆ ಈ ಮನುಷ್ಯ ಬಂದ ದಾರಿಗೆ ಸುಂಕವಿಲ್ಲದೆ, ಮಾಫಿ ಕೊಡುವವನೇ ಇಲ್ಲದೆ ಹೋಗುತ್ತಾನೆ. ಹೇಳದಿದ್ದರೆ ತಾನು ಇದ್ದೂ ಇಲ್ಲದಂತೆ.

"ಮಾಫ್ ಮಾಡೀನಂತ ಒಂದ ಮಾತ ಅನ್ನೋ," ಎಂದ ಅಮರಪ್ಪ.

"ಆಗಿದ್ದಾತು, ಬಿಡೋ ಅಮರ್ಯಾ," ಎಂದ ಮರಿಲಿಂಗಪ್ಪ. ಜೀವಮಾನದಲ್ಲಿ ಆ ಮನುಷ್ಯನನ್ನು 'ರೀ' ಹಚ್ಚದೆ ಮಾತಾಡಿಸಿದ್ದು ಅದೇ ಮೊದಲು.

ಅಮರಪ್ಪ ಅವನ ತೋಳು ಹಿಡಿದುಕೊಂಡ. ಬಿಕ್ಕಿದನೋ ಕೆಮ್ಮಿದನೋ ತಿಳಿಯಲಿಲ್ಲ. ಆಮೇಲೆ ಮಫ್ಲರಿನಿಂದ ಮೂಗು ಒರೆಸಿಕೊಂಡು, ಹಗುರಾದವನಂತೆ, ಯಾರು ಯಾರು ಉಳಿದಿದ್ದಾರೆ ಎಂದು ಕೇಳಿದ. ಖಾಜಾಹುಸೇನ ಹೋದ, ಈಶಪ್ಪ ಹೋದ ಎಂದು ಮರಿಲಿಂಗಪ್ಪ ಒಬ್ಬೊಬ್ಬರನ್ನೇ ಹೇಳಿದ. ಕೊನೆಗೆ ತಡೆಯಲಾರದೆ ಕೇಳಿಬಿಟ್ಟ.

"ನಮ್ಮ ಮುಂದ ಗ್ಯಾಸ್‌ಬತ್ತಿ ಹೊರಾಂವ ಒಬ್ಬ ಇದ್ದನಲ್ಲ. ಅವನ ಯಾದ್ ಅದೇನು?"

ಅಮರಪ್ಪ ಯೋಚಿಸಿದ. "ಇದ್ದ, ಇದ್ದ. ಹೆಸರ ಏನೋ... ಬತ್ತಿ ಹೊರಾವನ ಹೆಸರ ಯಾರ ಕೇಳ್ತಿದ್ರೋ. ಮಾರಿನೂ ಯಾದಿಲ್ಲ. ನಾವ್ ನೋಡಿದ್ದೇ ಬೆನ್ನ ಅವಂದು." ತುಸು ನಕ್ಕ. "ಏನಾದ ಅಂವ?"

"ಇದ್ದಾನ ಇಲ್ಲೇ ಎಲ್ಲೋ," ಎಂದ ಮರಿಲಿಂಗಪ್ಪ.

ಕತ್ತಲು ಕವಿದಿತ್ತು. ಸೇತುವೆಯ ಮೇಲೆ ಕಾರಿನ ಹಿಂದಿನ ಕೆಂಪು ದೀಪ ಕಾಣುತ್ತಿತ್ತು. ಮರಿಲಿಂಗಪ್ಪ ಚಾರ್ಜಿಂಗ್ ಲೈಟು ಹೊತ್ತಿಸಿದ. ಎಲ್ಲರ ಹಾಗೆ ಕೈಯಲ್ಲಿ ಹಿಡಿದು ನಡೆಯಬಹುದಿತ್ತು. ಗುರುತು ಹತ್ತಿದರೆ ಈಗಷ್ಟೇ ಕೊಟ್ಟ ಮಾಫಿ ನೀರುಪಾಲು ಎಂಬುದೂ ಅವನಿಗೆ ಗೊತ್ತಿತ್ತು. ಆದರೂ ಹೆಗಲ ಮೇಲಿನ ಟವಲ್ಲನ್ನು ಸುತ್ತಿ ಸಿಂಬಿ ಮಾಡಿದ, ನೆತ್ತಿಯ ಮೇಲೆ ಇಟ್ಟುಕೊಂಡ, ಲೈಟನ್ನು ಅದರ ಮೇಲೆ ಕೂರಿಸಿ ಒಂದು ಕೈ ಆನಿಸಿದ.

"ನನ್ನ ಹಿಂದ ಬಾ," ಎಂದು ಹೊರಟ.

ಬೆಳಕು ದಂಡೆಯ ಮೇಲೆ, ಜಾಲಿಯ ಮೇಲೆ, ಕಾಲುವೆಯ ನೀರಿನ ಮೇಲೆ ಹರಡಿತು. ಹಿಂದೆ ಕೋಲಿನ ಸದ್ದು ಬರುತ್ತಿತ್ತು. ಕತ್ತು ನೆಟ್ಟಗೆ, ಹೆಜ್ಜೆ ಒಂದೇ ಸಮ. ಸ್ವಲ್ಪ ದೂರ ಹೋದ ಮೇಲೆ ಕೋಲಿನ ಸದ್ದು ನಿಂತಿತು.

"ಲೇ..." ಎಂದ ಅಮರಪ್ಪ.

ಮರಿಲಿಂಗಪ್ಪ ನಿಂತ. ತಿರುಗಲಿಲ್ಲ. ನೀರು ಹರಿಯುತ್ತಿತ್ತು. ಆ ಲೇ ಎಂಬುದರ ಮುಂದೆ ಬರಬೇಕಾದ ಹೆಸರಿಗಾಗಿ ಅವನು ಕಾದ. ಹಿಂದಿನವನು ಬಾಯಿ ತೆರೆದು ಹುಡುಕುತ್ತಿರುವುದು ಅವನಿಗೆ ಬೆನ್ನಿನಿಂದಲೇ ತಿಳಿಯುತ್ತಿತ್ತು.

ಹೆಸರು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಕೋಲಿನ ಹಿಡಿಯ ಮೇಲೆ ಎರಡು ಬೆರಳು ತಟ್ಟಿದವು. ಎರಡು ತಟ್ಟು, ಒಂದು ಬಿಡುವು, ಮತ್ತೆ ಎರಡು. ಮರಿಲಿಂಗಪ್ಪ ಹೆಜ್ಜೆ ಎತ್ತಿದ, ತಲೆಯ ಮೇಲಿನ ಬೆಳಕು ಅಲುಗದ ಹಾಗೆ.