ಬೆಳಿಗ್ಗೆಯೂ ಒಂದು ಸಲ

ಇಸ್ತ್ರಿ ಅಂಗಡಿಯ ಅಜ್ಜಿಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಇಡೀ ಬೀದಿಗೆ ಗೊತ್ತು. ಅಂಥವಳು ಅಂದು ಬೆಳಿಗ್ಗೆ ಕಂಡದ್ದನ್ನು ಮಾತ್ರ ನುಂಗಿಕೊಂಡಳು. ಜ್ವರದಲ್ಲಿ ಮಲಗಿದ್ದ ಒಂದೂವರೆ ವರ್ಷದ ಮೊಮ್ಮಗಳು, ಮನೆಯವರೆಲ್ಲ 'ಚಿನಕುರುಳಿ' ಎಂದು ಕರೆಯುವ ಕೂಸು, ಕಣ್ಣು ಮೇಲೆ ಮಾಡಿ ಕೈಕಾಲು ಅದುರಿಸಿದ್ದಳು. ಸೊಸೆ ಆಗ ಕೆಲಸಕ್ಕೆ ಹೋಗಿದ್ದಳು.

ಅಜ್ಜಿಯ ತಂಗಿಗೂ ಚಿಕ್ಕಂದಿನಲ್ಲಿ ಹೀಗೇ ಆಗಿತ್ತು. ಊರು ಅವಳನ್ನು 'ಫಿಟ್ಸ್ ಹುಡುಗಿ' ಎಂದೇ ಕರೆಯಿತು. ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರಲಿಲ್ಲ, ಮದುವೆಯ ಮಾತು ಬಂದಾಗಲೆಲ್ಲ ಅದೇ ಅಡ್ಡ ಬಂತು. ಆ ಹಣೆಪಟ್ಟಿ ಈ ಕೂಸಿಗೆ ಬೇಡವೆಂದು ಅಜ್ಜಿ ಬಾಯಿಗೆ ಬೀಗ ಹಾಕಿಕೊಂಡಳು.

ಮಧ್ಯಾಹ್ನ ಮನೆಗೆ ಬಂದ ಸೊಸೆಯ ಕಣ್ಣೆದುರೇ ಮಗುವಿಗೆ ಮತ್ತೆ ಫಿಟ್ಸ್ ಬಂತು. ಇಬ್ಬರೂ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಜ್ವರಕ್ಕೆ ಒಂದು ಸಲ ಹೀಗಾಗಿ ಮಗು ಬೇಗ ಚೇತರಿಸಿಕೊಂಡರೆ ಸಾಮಾನ್ಯವಾಗಿ ತಲೆಯ ಸ್ಕ್ಯಾನೂ ಬೇಡ, ಬೆನ್ನಿನ ನೀರು ತೆಗೆದು ನೋಡುವುದೂ ಬೇಡ ಎಂದರು ಡಾಕ್ಟರಮ್ಮ. ಆದರೆ ಮಗುವಿನ ಮಂಪರು ಅವರಿಗೆ ಸರಿಕಾಣಲಿಲ್ಲ.

"ಇವತ್ತು ಇದೊಂದೇ ಸಲ ತಾನೇ?"

ಸೊಸೆ ಹೌದೆಂದು ತಲೆಯಾಡಿಸಿದಳು. ಅಜ್ಜಿ ಮಗುವಿನ ಕಡೆ ನೋಡಿದಳು. ಹೇಳಿದರೆ ಮಗುವಿಗೆ ಕೆಟ್ಟ ಹೆಸರು. ಹೇಳದಿದ್ದರೆ? ಒಂದು ಗಳಿಗೆ ಸುಮ್ಮನಿರದ ಕೂಸು ತಾಯಿಯ ತೋಳಲ್ಲಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

"ಬೆಳಿಗ್ಗೆಯೂ ಒಂದು ಸಲ ಬಂದಿತ್ತು ಡಾಕ್ಟ್ರೇ. ನಾನೇ ಮುಚ್ಚಿಟ್ಟೆ. ಬೈಯೋದಿದ್ರೆ ಆಮೇಲೆ ಬೈಯಿರಿ, ಮೊದ್ಲು ಮಗು ನೋಡಿ."

ಡಾಕ್ಟರಮ್ಮ ಬೈಯಲಿಲ್ಲ. ಒಂದೇ ದಿನ ಎರಡು ಸಲ, ಮೇಲೆ ಈ ಮಂಪರು. ಇನ್ನು ಕಾಯುವಂತಿಲ್ಲ, ಬೆನ್ನಿನ ನೀರು ನೋಡಲೇಬೇಕು ಎಂದರು. ಸೂಜಿ ಚುಚ್ಚಿದರೆ ಕಾಲು ಬಿದ್ದುಹೋಗುವುದಿಲ್ಲವೇ ಎಂದು ಅಜ್ಜಿ ಕೇಳಿಯೇಬಿಟ್ಟಳು. ಆ ಜಾಗದಲ್ಲಿ ಅಂಥ ಭಯವಿಲ್ಲವೆಂದು ಅವರು ಚಿತ್ರ ಬರೆದು ತೋರಿಸಿದರು. ಸೊಸೆ ಅತ್ತೆಯ ಮುಖ ನೋಡದೆ ಸಹಿ ಹಾಕಿದಳು.

ಮೆದುಳಿನ ಪೊರೆಗೆ ಸೋಂಕು ತಗುಲಿತ್ತು, ಆದರೆ ಆಗಷ್ಟೇ ಶುರುವಾಗಿತ್ತು. ಔಷಧಿ ಅಂದೇ ಆರಂಭವಾಯಿತು. ನಾಲ್ಕನೆಯ ದಿನ ಮಗು ಗಂಜಿಗೆ ಬಾಯಿ ತೆರೆದಾಗ ಸೊಸೆ ಅತ್ತೆಯ ಕೈ ಹಿಡಿದುಕೊಂಡು ಅತ್ತಳು. ಹನ್ನೆರಡನೆಯ ದಿನ ಚಿನಕುರುಳಿ ನರ್ಸಮ್ಮನ ಪೆನ್ನು ಕದ್ದು ವಾರ್ಡಿನ ಉದ್ದಕ್ಕೂ ಓಡಿದಳು. ಅಜ್ಜಿಯ ಹಿಗ್ಗು ಹೇಳತೀರದು.

ಮನೆಗೆ ಹೊರಟಾಗ, ಹೊರಗಿನ ಬೆಂಚಿನಲ್ಲಿ ಹಿರಿಯನೊಬ್ಬ ಮಗು ಹೊತ್ತ ಮಗಳ ಕಿವಿಯಲ್ಲಿ, ಒಳಗೆ ಬರೀ ಜ್ವರವೆಂದು ಹೇಳು, ಅದುರಿದ ಮಾತು ಎತ್ತಬೇಡ ಎನ್ನುತ್ತಿದ್ದ. ಅಜ್ಜಿ ನಿಂತಳು. ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಹೇಳಿದಳು:

"ನಮ್ಮ ಹುಡುಗಿಗೆ ಫಿಟ್ಸ್ ಬಂದಿತ್ತಣ್ಣ, ಒಂದೇ ದಿನ ಎರಡು ಸಲ. ಹೇಳಿದ್ದಕ್ಕೇ ಉಳಿದ್ಲು. ಅಲ್ಲಿ ಓಡ್ತಿದ್ದಾಳಲ್ಲ, ಅವಳೇ."

ಹಿರಿಯ ಓಡುವ ಮಗುವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಗಳ ಕಡೆ ತಿರುಗಿ, "ಒಳಗೆ ಎಲ್ಲಾ ಹೇಳಮ್ಮ," ಎಂದ.